‘ಪೀತ ಪತ್ರಿಕೋದ್ಯಮ’ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು

ಕಲಬುರಗಿಯ ಸಭೆಗಳಲ್ಲಿ ಈಚೆಗೆ ‘ಪೀತ ಪತ್ರಿಕೋದ್ಯಮ’ ಎಂಬುದು ತಮಗೆ ಹಿಡಿಸದ ಸುದ್ದಿಗೆಲ್ಲ ಹಚ್ಚುವ ಹೆಸರಾಗಿಬಿಟ್ಟಿದೆ. ತೊಗರಿ ಖರೀದಿ ಕೇಂದ್ರದಲ್ಲಿ ತೂಕ ಕಡಿಮೆ ಬೀಳುತ್ತಿದೆಯೆಂದು ರಸೀದಿ ಸಮೇತ ವರದಿ ಬಂದರೆ ಅದೂ ಪೀತ, ದುಡ್ಡು ಕೊಡದಿದ್ದರೆ ಮಾನ ತೆಗೆಯುತ್ತೇವೆಂದು ಬೆದರಿಸುವ ವಾರಪತ್ರಿಕೆಯೂ ಪೀತ. ಮೊದಲನೆಯದು ಪತ್ರಿಕೆಯ ಕರ್ತವ್ಯ, ಎರಡನೆಯದು ಶುದ್ಧ ಸುಲಿಗೆ. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ.

‘ಪೀತ’ ಎಂದರೆ ಹಳದಿ, ಇಂಗ್ಲಿಷಿನ ‘ಯೆಲ್ಲೋ’. ಈ ಹಳದಿಯ ಮೂಲ ಒಬ್ಬ ಹುಡುಗನ ಅಂಗಿ. ಜೋಸೆಫ್ ಪುಲಿಟ್ಜರ್‌ನ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ 1895ರಿಂದ ರಿಚರ್ಡ್ ಔಟ್‌ಕಾಲ್ಟ್ ಬರೆಯುತ್ತಿದ್ದ ವ್ಯಂಗ್ಯಚಿತ್ರಗಳಲ್ಲಿ ಬಡವರ ಓಣಿಯ ಬೋಳುತಲೆಯ ಪೋರನೊಬ್ಬನಿದ್ದ. ಅವನ ಉದ್ದನೆಯ ಹಳದಿ ನಿಲುವಂಗಿಯಿಂದಾಗಿ ಅವನಿಗೆ ‘ಯೆಲ್ಲೋ ಕಿಡ್’ ಎಂಬ ಹೆಸರೇ ನಿಂತಿತು. ಮರುವರ್ಷ ‘ಜರ್ನಲ್’ ಪತ್ರಿಕೆಯ ಒಡೆಯ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಆ ಕಲಾವಿದನನ್ನು ತನ್ನತ್ತ ಸೆಳೆದುಕೊಂಡಾಗ, ಪುಲಿಟ್ಜರ್ ಸೋಲೊಪ್ಪದೆ ಜಾರ್ಜ್ ಲಕ್ಸ್ ಎಂಬ ಇನ್ನೊಬ್ಬನಿಂದ ಅದೇ ಹುಡುಗನನ್ನು ಬರೆಸಿದ. ಹೀಗೆ ಒಂದೇ ನಗರದ ಎರಡು ಪತ್ರಿಕೆಗಳಲ್ಲಿ ಹಳದಿ ಹುಡುಗರಿಬ್ಬರು ಏಕಕಾಲಕ್ಕೆ ಓಡಾಡತೊಡಗಿದರು. 1897ರಲ್ಲಿ ‘ನ್ಯೂಯಾರ್ಕ್ ಪ್ರೆಸ್’ನ ಸಂಪಾದಕ ಎರ್ವಿನ್ ವಾರ್ಡ್‌ಮನ್ ಈ ಬಗೆಯ ಪತ್ರಿಕೆಗಳಿಗೆ ‘ಯೆಲ್ಲೋ’ ಎಂಬ ವಿಶೇಷಣ ಅಂಟಿಸಿದ. ಆದ್ದರಿಂದ ಈ ಪದದ ತಿರುಳು ಬ್ಲ್ಯಾಕ್‌ಮೇಲ್ ಅಲ್ಲ, ಬರೀ ಸುಳ್ಳೂ ಅಲ್ಲ. ಪ್ರಸಾರದ ಪೈಪೋಟಿಯಲ್ಲಿ ಊಹೆಯನ್ನೇ ಖಚಿತ ಸುದ್ದಿಯೆಂದು ದಪ್ಪಕ್ಷರದಲ್ಲಿ ಸಾರುವುದು.

ಅದು ಎಷ್ಟು ದೂರ ಹೋಗಬಲ್ಲದೆಂಬುದು 1898ರಲ್ಲಿ ತಿಳಿಯಿತು. ಫೆಬ್ರುವರಿ 15ರ ರಾತ್ರಿ, ಆಗ ಸ್ಪೇನ್‌ನ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ‘ಮೇನ್’ ಸ್ಫೋಟಗೊಂಡು ಸುಮಾರು 260 ಮಂದಿ ಸತ್ತರು. ಮುಂದಿನ ವರದಿ ಬರುವತನಕ ಜನ ಯಾವ ತೀರ್ಮಾನಕ್ಕೂ ಬರಬಾರದೆಂದು ನೌಕೆಯ ಕ್ಯಾಪ್ಟನ್ ಸಿಗ್ಸ್‌ಬೀ ತಂತಿ ಕಳಿಸಿದ್ದ. ಆದರೆ 17ರ ‘ಜರ್ನಲ್’ ಇದು ಶತ್ರುವಿನದೇ ಕೆಲಸವೆಂದು ಮುಖಪುಟದಲ್ಲಿ ಘೋಷಿಸಿ, ನೌಕೆಯ ಅಡಿಯಲ್ಲಿ ಸಿಡಿಗುಂಡು ಇಟ್ಟಂತೆ ಚಿತ್ರ ಬರೆಸಿ, ತಪ್ಪಿತಸ್ಥರ ಸುಳಿವಿಗೆ 50,000 ಡಾಲರ್ ಬಹುಮಾನ ಸಾರಿತು. ಏಪ್ರಿಲ್‌ನಲ್ಲಿ ಸ್ಪೇನ್ ಜೊತೆ ಯುದ್ಧ ಆರಂಭವಾಯಿತು. ಹೊರಗಿನ ಸಿಡಿಗುಂಡೇ ಕಾರಣವೆಂದು ನೌಕಾಪಡೆಯ ತನಿಖೆ ಮಾರ್ಚ್‌ನಲ್ಲಿ ಹೇಳಿತ್ತು. ಆದರೆ 1976ರಲ್ಲಿ ಪ್ರಕಟವಾದ ಅಡ್ಮಿರಲ್ ರಿಕೋವರ್ ಅವರ ಅಧ್ಯಯನದ ಪ್ರಕಾರ, ಕಲ್ಲಿದ್ದಲಿನ ಕೋಣೆಯ ಬೆಂಕಿ ಪಕ್ಕದ ಮದ್ದಿನ ಕೋಣೆಗೆ ತಗುಲಿದ್ದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಹಾಗೆಂದು ಪತ್ರಿಕೆಗಳೇ ಯುದ್ಧ ಹುಟ್ಟಿಸಿದವೆನ್ನುವುದೂ ಅತಿಯಾಯಿತು. ಕ್ಯೂಬಾದ ಬಂಡಾಯ 1895ರಿಂದಲೇ ನಡೆದಿತ್ತು. ಸ್ಪೇನ್‌ನ ಜನರಲ್ ವೇಲರ್ ಹಳ್ಳಿಗರನ್ನು ಕೂಡಿಹಾಕಿದ ಶಿಬಿರಗಳಲ್ಲಿ ಹಸಿವು ಮತ್ತು ರೋಗದಿಂದಾದ ಸಾವುಗಳು ನಿಜವಾದವು. ‘ಚಿತ್ರ ನೀವು ಕೊಡಿ, ಯುದ್ಧ ನಾನು ಕೊಡುತ್ತೇನೆ’ ಎಂದು ಹರ್ಸ್ಟ್ ಕ್ಯೂಬಾದಲ್ಲಿದ್ದ ತನ್ನ ಚಿತ್ರಕಾರನಿಗೆ ಕಳಿಸಿದನೆನ್ನುವ ತಂತಿ ಎಲ್ಲೂ ಸಿಕ್ಕಿಲ್ಲ, ಅವನೂ ಅದನ್ನು ಅಲ್ಲಗಳೆದಿದ್ದ. ಪತ್ರಿಕೆಗಳು ಮಾಡಿದ್ದು, ತನಿಖೆಗೆ ಬೇಕಾದ ವ್ಯವಧಾನವನ್ನು ಜನರಿಂದಲೂ ಸರ್ಕಾರದಿಂದಲೂ ಕಸಿದುಕೊಂಡದ್ದು. 2025ರ ಮೇ ತಿಂಗಳಲ್ಲಿ ಕರಾಚಿ ಬಂದರು ಧ್ವಂಸವಾಯಿತೆಂದು ಕೆಲವು ಸುದ್ದಿ ವಾಹಿನಿಗಳು ರಾತ್ರಿಯಿಡೀ ಕೂಗಿದ್ದು ಇದೇ ಜಾತಿಯದು, ಈ ಪದ ಅಲ್ಲಿಗೆ ಪೂರ್ತಿಯಾಗಿ ಸಲ್ಲುತ್ತದೆ.