ಮಳೆಗಾಲದಲ್ಲಿ ಪ್ರಿಂಟರ್ ಯಾಕೆ ಮುನಿಸಿಕೊಳ್ಳುತ್ತದೆ?

ಜುಲೈ ಬಂತು ಅಂದ್ರೆ ಮೂಡಿಗೆರೆ, ಸಕಲೇಶಪುರದ ಕಡೆಯ ಆಫೀಸುಗಳಲ್ಲಿ ಒಂದು ದೂರು ಶುರುವಾಗುತ್ತದೆ. ಪೇಪರ್ ಸಿಕ್ಕಿಹಾಕಿಕೊಳ್ಳುತ್ತದೆ, ಅಕ್ಷರ ಮಾಸಲು ಬರುತ್ತದೆ. ದುಡ್ಡು ಕೊಟ್ಟು ಟೋನರ್ ಬದಲಾಯಿಸಿದರೂ ಅದೇ ಕತೆ. ಎಷ್ಟೋ ಸಲ ತಪ್ಪು ಮೆಷಿನ್‌ದಲ್ಲ, ಕಾಗದದ್ದು.

ಲೇಸರ್ ಪ್ರಿಂಟರ್ ನಡೆಯೋದು ಸ್ಥಿರ ವಿದ್ಯುತ್ತಿನ ಮೇಲೆ. ಒಳಗಿನ ಡ್ರಮ್ಮಿಗೆ ಮೊದಲು ಚಾರ್ಜ್ ಕೊಡಲಾಗುತ್ತದೆ. ಅಕ್ಷರ ಮೂಡಬೇಕಾದ ಕಡೆ ಲೇಸರ್ ಬಿದ್ದು ಆ ಚಾರ್ಜ್ ಇಳಿಯುತ್ತದೆ. ಟೋನರ್ ಪುಡಿ ಅಲ್ಲಿಗೆ ಮಾತ್ರ ಅಂಟುತ್ತದೆ. ಆಮೇಲೆ ಕಾಗದದ ಹಿಂಬದಿಗೆ ಉಲ್ಟಾ ಚಾರ್ಜ್ ಕೊಟ್ಟು ಪುಡಿಯನ್ನು ಅದರ ಮೇಲೆ ಎಳೆಯುತ್ತಾರೆ. ಈ ಪುಡಿ ಬಹುಪಾಲು ಪ್ಲಾಸ್ಟಿಕ್. 200 ಡಿಗ್ರಿ ಆಸುಪಾಸಿನ ಬಿಸಿ ರೋಲರ್ ಅದನ್ನು ಕರಗಿಸಿ ಒತ್ತುತ್ತದೆ. ಪ್ರಿಂಟ್ ಬೆಚ್ಚಗೆ ಬರೋದು ಅದಕ್ಕೇ. 1938ರಲ್ಲಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಗಂಧಕ ಬಳಿದ ಸತುವಿನ ತಗಡಿನ ಮೇಲೆ ಮೊದಲು ಮಾಡಿ ತೋರಿಸಿದ ಉಪಾಯವೇ ಇದರ ಮೂಲ. ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನಡೆಯೋದೂ ಅದೇ.

ಈಗ ಥಂಡಿಯ ವಿಷಯ. ಮುಚ್ಚಳ ಹಾಕದ ಡಬ್ಬಿಯ ಹಪ್ಪಳ ಮೆತ್ತಗಾಗುವ ಹಾಗೆ, ಬಿಚ್ಚಿಟ್ಟ ಬಂಡಲ್ ಗಾಳಿಯ ನೀರು ಕುಡಿಯುತ್ತದೆ. ಒಣ ಕಾಗದ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಥಂಡಿ ಹಿಡಿದ ಕಾಗದದಲ್ಲಿ ಅದು ಸೋರಿಹೋಗುತ್ತದೆ, ಪುಡಿ ಸರಿಯಾಗಿ ಏರುವುದಿಲ್ಲ. ಅದೇ ಕಾಗದ ಬಿಸಿ ರೋಲರ್‌ಗೆ ಸಿಕ್ಕಾಗ ನೀರು ಆವಿಯಾಗಿ ಹಾಳೆ ಸುರುಳಿಯಾಗುತ್ತದೆ. ಎರಡೂ ಬದಿ ಪ್ರಿಂಟ್ ಕೊಟ್ಟರೆ ತಾಪತ್ರಯ ಇನ್ನೂ ಜಾಸ್ತಿ: ಸುರುಳಿಯಾದ ಹಾಳೆಯೇ ಮತ್ತೆ ಒಳಗೆ ಹೋಗಬೇಕಲ್ವಾ! ಕಾಗದ ಉಳಿಸೋಕೆ ಹೋಗಿ ಅರ್ಧ ಬೆಳಗ್ಗೆ ಜಾಮ್ ಬಿಡಿಸೋದರಲ್ಲೇ ಕಳೆಯುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಬಂಡಲ್ಲನ್ನು ಅದರ ಹೊದಿಕೆಯಲ್ಲೇ, ನೆಲಕ್ಕೂ ಗೋಡೆಗೂ ತಾಗದ ಹಾಗೆ ಬೀರುವಿನಲ್ಲಿಡಿ. ಟ್ರೇಗೆ ದಿನಕ್ಕೆ ಬೇಕಾದಷ್ಟೇ ಹಾಕಿ. ಕೆಲವು ಪ್ರಿಂಟರ್‌ಗಳ ಸೆಟ್ಟಿಂಗ್‌ನಲ್ಲಿ ತೆಳು ಕಾಗದ ಅಂತ ಆರಿಸಿದರೆ ರೋಲರ್ ಬಿಸಿ ತಗ್ಗಿ ಸುರುಳಿಯೂ ತಗ್ಗುತ್ತದೆ.

ಇಂಕ್ ಟ್ಯಾಂಕ್ ಪ್ರಿಂಟರ್ ತಗೊಂಡರೆ ಆಗಲ್ವಾ? ಪುಟದ ಖರ್ಚು ಅದರಲ್ಲಿ ಕಡಿಮೆ, ನಿಜ. ಬಿಸಿ ರೋಲರ್ ಇಲ್ಲದ ಕಾರಣ ಕರೆಂಟೂ ಕಡಿಮೆ ಸಾಕು. ಲೇಸರ್ ಪ್ರಿಂಟರ್ ರೋಲರ್ ಕಾಯಿಸುವಾಗ ನೂರಾರು ವ್ಯಾಟ್ ಎಳೆಯುತ್ತದೆ, ಚಿಕ್ಕ ಯುಪಿಎಸ್ ತಾಳುವುದಿಲ್ಲ. ಆದರೆ ನೀರಿಗೆ ಕರಗುವ ಮಾಮೂಲಿ ಇಂಕಿನ ಮೇಲೆ ಒಂದು ಹನಿ ಬಿದ್ದರೆ ಅಕ್ಷರ ಕದಡುತ್ತದೆ. ಎಸ್ಟೇಟ್ ರೈಟರ್ (ತೋಟದ ಗುಮಾಸ್ತ) ಜೇಬಿನಲ್ಲಿ ತೋಟ ಸುತ್ತುವ ಹಾಜರಿ ಪಟ್ಟಿಗೆ ನಾನಾದರೆ ಲೇಸರ್ ಪ್ರಿಂಟೇ ಆರಿಸುತ್ತೇನೆ. ಪ್ಲಾಸ್ಟಿಕ್ ಮಳೆಗೆ ಹೆದರುವುದಿಲ್ಲ.

ಹಳೇ ಪಟ್ಟಿಗಳನ್ನು ಸ್ಕ್ಯಾನ್ ಮಾಡಿಡೋದು ಒಳ್ಳೇದು. ಬರೀ ಅಕ್ಷರಕ್ಕೆ 300 ಡಿಪಿಐ (ಅಂದ್ರೆ ಇಂಚಿಗೆ 300 ಚುಕ್ಕಿ) ಸಾಕು, ಎ4 ಹಾಳೆಯಲ್ಲಿ ಸುಮಾರು 87 ಲಕ್ಷ ಚುಕ್ಕಿ ಸಿಗುತ್ತದೆ. 600ಕ್ಕೆ ಏರಿಸಿದರೆ ಚುಕ್ಕಿ ನಾಲ್ಕು ಪಟ್ಟು. ಫೈಲೂ ದೊಡ್ಡದಾಗಿ, ಘಟ್ಟದ ನೆಟ್‌ವರ್ಕ್‌ನಲ್ಲಿ ಸುಮ್ನೆ ಸುತ್ತುತ್ತಾ ಇರುತ್ತದೆ. ಥಂಡಿ ಹಿಡಿದ ಹಾಳೆಗಳನ್ನು ಮಾತ್ರ ಮೇಲಿನ ಫೀಡರ್‌ಗೆ ಕೊಡಬೇಡಿ. ಅಂಟಿಕೊಂಡು ಎರಡೆರಡು ಒಟ್ಟಿಗೆ ಹೋಗುತ್ತವೆ. ಗಾಜಿನ ಮೇಲೆ ಒಂದೊಂದಾಗಿ ಇಡಿ.