ಕಾಲರಾ ಅಪರೂಪ, ಫ್ಲೂ ಮಾಮೂಲು: ವೈದ್ಯರಿಗೆ ಕಳಿಸುವ ಸೂಚನೆಯಲ್ಲಿ ಏನಿರಬೇಕು?

ಸಮುದಾಯ ವೈದ್ಯಶಾಸ್ತ್ರ ಓದುವಾಗ ರೋಗದ ಲಕ್ಷಣ, ಹರಡುವ ಬಗೆ, ಚಿಕಿತ್ಸೆ ಎಲ್ಲವನ್ನೂ ಬಾಯಿಪಾಠ ಮಾಡುತ್ತೇವೆ. ಆದರೆ ಹೊಸ ವಿಷಯವೊಂದು ಚಿಕಿತ್ಸೆ ನೀಡುವ ವೈದ್ಯರನ್ನು ತಲುಪುವುದು ಹೇಗೆ ಎಂಬ ಭಾಗ ಬಂದಾಗ ಪುಟ ಮಗುಚಿಬಿಡುತ್ತೇವೆ. ಸುತ್ತೋಲೆ ಕಳಿಸಿದರೆ ಮುಗಿಯಿತಲ್ಲ ಎಂಬ ಉದಾಸೀನ ಅದಕ್ಕೆ ಕಾರಣ. ಈ ಟಿಪ್ಪಣಿ ಆ ಭಾಗಕ್ಕೆ ಮೀಸಲು. ಉದಾಹರಣೆಗೆ 2010ರ ಕೊನೆಯ ತಿಂಗಳುಗಳ ಅಮೆರಿಕವನ್ನು ತೆಗೆದುಕೊಳ್ಳೋಣ. ಅಲ್ಲಿನ ವೈದ್ಯರಿಗೆ ಆಗ ಒಂದೇ ಹೊತ್ತಿನಲ್ಲಿ ಎರಡು ರೋಗಗಳ ಬಗ್ಗೆ ಹೇಳಬೇಕಾಗಿತ್ತು: ಪಕ್ಕದ ಹೈಟಿಯಲ್ಲಿ ಹಬ್ಬುತ್ತಿದ್ದ ಕಾಲರಾ ಮತ್ತು ಪ್ರತಿವರ್ಷ ಬರುವ ಋತುಮಾನದ ಇನ್‌ಫ್ಲುಯೆಂಜಾ.

ಮೊದಲು ಹೈಟಿ. 2010ರ ಜನವರಿ 12ರ ಭೂಕಂಪದಲ್ಲಿ ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ನೆಲಸಮವಾಗಿ ಲಕ್ಷಾಂತರ ಜನ ಡೇರೆಗಳಲ್ಲಿ ಬದುಕುತ್ತಿದ್ದರು. ಸಾಂಕ್ರಾಮಿಕ ಬಂದರೆ ಆ ಶಿಬಿರಗಳಲ್ಲೇ ಬರುತ್ತದೆ ಎಂದು ಎಲ್ಲರೂ ಅತ್ತ ನೋಡುತ್ತಿದ್ದಾಗ, ಅಕ್ಟೋಬರ್‌ನಲ್ಲಿ ಕಾಲರಾ ಕಾಣಿಸಿಕೊಂಡದ್ದು ದೂರದ ಆರ್ಟಿಬೊನೈಟ್ ನದಿ ಕಣಿವೆಯಲ್ಲಿ. ನದಿಯ ಮೇಲ್ಭಾಗದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಶೌಚದ ಕೊಳಕು ಉಪನದಿಗೆ ಸೇರಿದ್ದೇ ಮೂಲವೆಂದು ನಂತರದ ತನಿಖೆಗಳು ತೋರಿಸಿದವು. 2016ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಹೈಟಿಯ ಜನರ ಕ್ಷಮೆ ಕೇಳಿತು. ಅಷ್ಟರಲ್ಲಿ ಸಾವಿರಾರು ಜನ ಸತ್ತಿದ್ದರು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ ಸಂಗತಿ. ಹೈಟಿಯಲ್ಲಿ ಅದಕ್ಕೆ ಹಿಂದಿನ ನೂರು ವರ್ಷಗಳಲ್ಲಿ ಕಾಲರಾ ದಾಖಲಾಗಿರಲಿಲ್ಲ. ಅಲ್ಲಿನ ವೈದ್ಯರು, ದಾದಿಯರು ಈ ರೋಗವನ್ನು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಅಕ್ಕಚ್ಚಿನಂಥ ಭೇದಿ ಕೆಲವೇ ಗಂಟೆಗಳಲ್ಲಿ ಗಟ್ಟಿಮುಟ್ಟಾದ ವ್ಯಕ್ತಿಯನ್ನು ಸಾವಿನಂಚಿಗೆ ತಳ್ಳುತ್ತದೆ ಎಂದು ಓದುವುದು ಬೇರೆ, ವಾರ್ಡಿನ ತುಂಬ ಅಂಥವರೇ ಮಲಗಿರುವಾಗ ಯಾರಿಗೆ ಮೊದಲು ಡ್ರಿಪ್ ಎಂದು ನಿರ್ಧರಿಸುವುದು ಬೇರೆ. ಅವರಿಗೆ ಬೇಕಾಗಿದ್ದ ಮಾಹಿತಿ ಒಂದು ಹಾಳೆಯಷ್ಟು: ನಿರ್ಜಲೀಕರಣದ ಮೂರು ಹಂತಗಳನ್ನು ಗುರುತಿಸುವುದು, ತೀವ್ರ ಹಂತದಲ್ಲಿ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರವವನ್ನು ಡ್ರಿಪ್ ಮೂಲಕ ಪ್ರತಿ ಕಿಲೋ ತೂಕಕ್ಕೆ 100 ಮಿ.ಲೀ. ಕೊಡುವುದು, ಮಿಕ್ಕವರಿಗೆ ಓಆರ್‌ಎಸ್. ದೊಡ್ಡವರಿಗೆ ಆ 100ರಲ್ಲಿ 30 ಮಿ.ಲೀ. ಮೊದಲ ಅರ್ಧ ಗಂಟೆಯಲ್ಲಿ, ಉಳಿದ 70 ಮುಂದಿನ ಎರಡೂವರೆ ಗಂಟೆಯಲ್ಲಿ. ಒಂದು ವರ್ಷದೊಳಗಿನ ಮಗುವಿಗೆ ಇದೇ ಪ್ರಮಾಣ, ಆದರೆ ನಿಧಾನವಾಗಿ: ಒಂದು ಗಂಟೆ ಮತ್ತು ಐದು ಗಂಟೆ. (ಪರೀಕ್ಷೆಯಲ್ಲಿ ಈ ಅಂಕಿಗಳನ್ನು ಅದಲುಬದಲು ಮಾಡುವುದು ಸಾಮಾನ್ಯ, ಬರೆದಿಟ್ಟುಕೊಳ್ಳಿ.) ತರಬೇತುದಾರರನ್ನು ಮೊದಲು ಸಿದ್ಧಗೊಳಿಸಿ, ಅವರ ಮೂಲಕ ಉಳಿದವರಿಗೆ ಕಲಿಸಲಾಯಿತು. ಕಲಿಕೆಯ ಸಾಮಗ್ರಿ ಫ್ರೆಂಚಿನಲ್ಲಷ್ಟೇ ಅಲ್ಲ, ಜನಸಾಮಾನ್ಯರು ಆಡುವ ಕ್ರಿಯೋಲ್ ಭಾಷೆಯಲ್ಲೂ ಬಂತು. ಚಿಕಿತ್ಸೆ ಸಿಗದಿದ್ದರೆ ತೀವ್ರ ಕಾಲರಾದಲ್ಲಿ ಅರ್ಧದಷ್ಟು ರೋಗಿಗಳು ಸಾಯಬಹುದು. ದ್ರವ ಸರಿಯಾಗಿ ಸಿಕ್ಕರೆ ಆ ಪ್ರಮಾಣ ಶೇಕಡಾ 1ಕ್ಕಿಂತ ಕೆಳಗಿಳಿಯುತ್ತದೆ.

ಈಗ ಫ್ಲೋರಿಡಾದ ವೈದ್ಯರ ಜಾಗದಲ್ಲಿ ನಿಂತು ನೋಡಿ. ಹೈಟಿಯಿಂದ ಬಂದು ನೆಲೆಸಿದ ದೊಡ್ಡ ಸಮುದಾಯ ಅಲ್ಲಿದೆ. ಪರಿಹಾರ ಕಾರ್ಯಕರ್ತರೂ ದಿನನಿತ್ಯ ಹೋಗಿಬರುತ್ತಿದ್ದಾರೆ. ಇಷ್ಟಿದ್ದರೂ ಭೇದಿಯ ರೋಗಿ ಬಂದರೆ ಕಾಲರಾ ಎಂಬ ಯೋಚನೆಯೇ ಬರುವುದಿಲ್ಲ, ಏಕೆಂದರೆ ಅಮೆರಿಕದಲ್ಲಿ ಅದು ಅಷ್ಟು ವಿರಳ. ಪ್ರಯೋಗಾಲಯವೂ ನೆರವಿಗೆ ಬರುವುದಿಲ್ಲ. ಮಲದ ಮಾಮೂಲಿ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಕಾಲರಾದ ಬ್ಯಾಕ್ಟೀರಿಯಾ ವಿಬ್ರಿಯೊ ಕಾಲರೆ ಕೈತಪ್ಪಿಹೋಗಬಹುದು. ಅದಕ್ಕೆ ಟಿಸಿಬಿಎಸ್ ಎಂಬ ವಿಶೇಷ ಮಾಧ್ಯಮ ಬೇಕು, ಮತ್ತು ಕಾಲರಾ ಶಂಕೆಯಿದೆ ಎಂದು ವೈದ್ಯರು ಚೀಟಿಯಲ್ಲಿ ಬರೆದರೆ ಮಾತ್ರ ತಂತ್ರಜ್ಞರು ಅದನ್ನು ಬಳಸುತ್ತಾರೆ. ಅಂದರೆ ವೈದ್ಯರಿಗೆ ಹೊಳೆಯದಿದ್ದರೆ ಪ್ರಯೋಗಾಲಯಕ್ಕೂ ಕಾಣಿಸುವುದಿಲ್ಲ. ಆದ್ದರಿಂದ ಅವರಿಗೆ ಕಳಿಸುವ ಸೂಚನೆಯ ತಿರುಳು ಡೋಸ್ ಅಲ್ಲ, ಒಂದು ಪ್ರಶ್ನೆ: ಕಳೆದ ಐದು ದಿನಗಳಲ್ಲಿ ಎಲ್ಲಿಗೆ ಹೋಗಿದ್ದಿರಿ? ಐದು ದಿನ ಏಕೆಂದರೆ ರೋಗದ ಹುದುಗು ಕಾಲ, ಅಂದರೆ ಸೋಂಕು ತಗುಲಿ ಲಕ್ಷಣ ಕಾಣುವವರೆಗಿನ ಅವಧಿ, ಕೆಲವು ಗಂಟೆಗಳಿಂದ ಐದು ದಿನ. ಅದೇ ವರ್ಷದ ನವೆಂಬರ್‌ನಲ್ಲಿ ಹೈಟಿಯಿಂದ ಮರಳಿದ ಫ್ಲೋರಿಡಾ ನಿವಾಸಿಯೊಬ್ಬರಲ್ಲಿ ಕಾಲರಾ ದೃಢಪಟ್ಟಿತು.

ಸೂಚನೆಯ ಎರಡನೆಯ ಅಂಶ, ಫಲಿತಾಂಶಕ್ಕೆ ಕಾಯದೆ ದ್ರವ ಶುರುಮಾಡಿ ಎಂಬುದು. ಮೂರನೆಯದು, ಯಾವ ಆಂಟಿಬಯೋಟಿಕ್ ಈ ತಳಿಗೆ ನಾಟುತ್ತದೆ ಎಂಬುದು. ಹೈಟಿಯ ತಳಿ ನ್ಯಾಲಿಡಿಕ್ಸಿಕ್ ಆಮ್ಲಕ್ಕೂ ಕೋಟ್ರೈಮಾಕ್ಸಜೋಲ್‌ಗೂ ಜಗ್ಗುತ್ತಿರಲಿಲ್ಲ. ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್ ಕೆಲಸ ಮಾಡುತ್ತಿದ್ದವು. ಇಂಥ ಮಾಹಿತಿ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ, ಆ ತಿಂಗಳ ಸೂಚನೆಯಲ್ಲೇ ಸಿಗಬೇಕು.

ಇನ್‌ಫ್ಲುಯೆಂಜಾದ ತೊಂದರೆ ತದ್ವಿರುದ್ಧ. ಫ್ಲೂ ಯಾವ ವೈದ್ಯರಿಗೂ ಮರೆತುಹೋಗುವುದಿಲ್ಲ, ಪ್ರತಿವರ್ಷ ಬಾಗಿಲು ತಟ್ಟುತ್ತದೆ. ತೊಡಕಿರುವುದು ಆ ಸಲಿಗೆಯಲ್ಲೇ. ಹೋದ ವರ್ಷ ಬರೆದ ಔಷಧಿಯನ್ನೇ ಕೈ ಈ ವರ್ಷವೂ ತಾನಾಗಿ ಬರೆಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಕೊಟ್ಟ ಸೂಚನೆಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2006ರ ಜನವರಿಯಲ್ಲಿ, ಎಚ್3ಎನ್2 ಎಂಬ ಬಗೆಯ ಫ್ಲೂ ವೈರಸ್‌ಗಳು ಅಮಾಂಟಡಿನ್, ರಿಮಾಂಟಡಿನ್ ಔಷಧಿಗಳನ್ನು ಗೆದ್ದುಬಿಟ್ಟಿವೆ, ಅವನ್ನು ಬಳಸಬೇಡಿ ಎಂದಿತು. ಸರಿ, ಎಲ್ಲರೂ ಒಸೆಲ್ಟಾಮಿವಿರ್‌ಗೆ ಬಂದರು. 2008ರ ಡಿಸೆಂಬರ್‌ನಲ್ಲಿ, ಆಗ ಓಡಾಡುತ್ತಿದ್ದ ಋತುಮಾನದ ಎಚ್1ಎನ್1 ಒಸೆಲ್ಟಾಮಿವಿರ್‌ಗೇ ಬಗ್ಗುತ್ತಿಲ್ಲ, ಜನಾಮಿವಿರ್ ಕೊಡಿ ಅಥವಾ ಒಸೆಲ್ಟಾಮಿವಿರ್ ಜೊತೆ ರಿಮಾಂಟಡಿನ್ ಸೇರಿಸಿ ಎಂಬ ಸೂಚನೆ ಬಂತು. ಬೇಡವೆಂದು ಮೂಲೆಗಿಟ್ಟ ಔಷಧಿ ಮೂರು ವರ್ಷ ತುಂಬುವ ಮೊದಲೇ ವಾಪಸು! ಮರುವರ್ಷ ಜಗತ್ತಿಗೆಲ್ಲ ಹಬ್ಬಿದ ಹೊಸ ಎಚ್1ಎನ್1 ಬಂದಾಗ ಚಿತ್ರ ಮತ್ತೆ ತಿರುಗಿತು. ಅದಕ್ಕೆ ಒಸೆಲ್ಟಾಮಿವಿರ್ ನಾಟುತ್ತಿತ್ತು, ರಿಮಾಂಟಡಿನ್ ನಾಟುತ್ತಿರಲಿಲ್ಲ. ಈ ಅವಧಿಯಲ್ಲಿ ಸೂಚನೆ ಓದದ ವೈದ್ಯರು ಎಷ್ಟೇ ಅನುಭವಿಗಳಾಗಿದ್ದರೂ ತಪ್ಪು ಮಾತ್ರೆ ಬರೆದಿರುವ ಸಾಧ್ಯತೆಯಿದೆ. ಅನುಭವ ಇಲ್ಲಿ ನೆರವಾಗುವ ಬದಲು ಅಡ್ಡಬರುತ್ತದೆ.

2010–11ರ ಋತುವಿನಲ್ಲೂ ಹಳೆಯ ರೂಢಿಯನ್ನು ಬಿಡಿಸುವ ಸಂಗತಿಗಳಿದ್ದವು. ಅಲ್ಲಿಯವರೆಗೆ ಫ್ಲೂ ಲಸಿಕೆಯ ಸಲಹೆ ನಿರ್ದಿಷ್ಟ ಗುಂಪುಗಳಿಗೆ ಇತ್ತು. ಆ ವರ್ಷ ಮೊದಲ ಬಾರಿಗೆ, ಆರು ತಿಂಗಳು ದಾಟಿದ ಎಲ್ಲರಿಗೂ ಎಂದಾಯಿತು. ಹಿಂದಿನ ವರ್ಷ ಪ್ರತ್ಯೇಕವಾಗಿ ಕೊಟ್ಟಿದ್ದ ಹೊಸ ಎಚ್1ಎನ್1 ಲಸಿಕೆಯ ಅಂಶ ಋತುಮಾನದ ಲಸಿಕೆಯೊಳಗೇ ಸೇರಿತು. ಆಸ್ಟ್ರೇಲಿಯಾದಲ್ಲಿ ಒಂದು ತಯಾರಿಕೆಯ ಲಸಿಕೆ ಪಡೆದ ಪುಟ್ಟ ಮಕ್ಕಳಲ್ಲಿ ಜ್ವರದ ಸೆಳವು ಹೆಚ್ಚಾಗಿ ಕಂಡುಬಂದದ್ದರಿಂದ, ಆ ತಯಾರಿಕೆಯನ್ನು ಒಂಬತ್ತು ವರ್ಷದೊಳಗಿನವರಿಗೆ ಬಳಸಬೇಡಿ ಎಂಬ ಸಲಹೆಯೂ ಹೊರಟಿತು. ದಕ್ಷಿಣ ಗೋಳಾರ್ಧದ ಚಳಿಗಾಲ ಉತ್ತರಕ್ಕೆ ಮುಂಚೆ ಬರುವುದರಿಂದ ಸಿಕ್ಕ ಲಾಭವಿದು.

ಪರೀಕ್ಷೆಯ ವಿಷಯದಲ್ಲೂ ಎರಡು ರೋಗಗಳ ನಡುವೆ ಹೋಲಿಕೆ ಇದೆ. ಫ್ಲೂ ಹಬ್ಬಿರುವಾಗ ಕ್ಷಿಪ್ರ ಆಂಟಿಜೆನ್ ಪರೀಕ್ಷೆ ನೆಗೆಟಿವ್ ಬಂದರೂ ರೋಗವಿಲ್ಲ ಎನ್ನಲಾಗದು. ಒಸೆಲ್ಟಾಮಿವಿರ್ ಮೊದಲ 48 ಗಂಟೆಗಳೊಳಗೆ ಹೆಚ್ಚು ಫಲಕಾರಿ, ಆಸ್ಪತ್ರೆ ಸೇರಿದವರಿಗೆ ಆ ಗಡುವು ಮೀರಿದರೂ ಕೊಡಬೇಕು. ಅಲ್ಲೂ ಫಲಿತಾಂಶಕ್ಕೆ ಕಾಯುವಂತಿಲ್ಲ.

ಸೂಚನೆಗೆ ಕೊಡುವ ದರ್ಜೆಯೂ ಗಮನಿಸಬೇಕಾದದ್ದು. ಸಿಡಿಸಿಯ ಆರೋಗ್ಯ ಎಚ್ಚರಿಕೆ ಜಾಲದಲ್ಲಿ ತಕ್ಷಣ ಗಮನ ಕೊಡಬೇಕಾದದ್ದಕ್ಕೆ ‘ಅಲರ್ಟ್’, ಮುಖ್ಯವಾದರೂ ತಕ್ಷಣದ ಕ್ರಮ ಬೇಡದಿರಬಹುದಾದದ್ದಕ್ಕೆ ‘ಅಡ್ವೈಸರಿ’, ಹಿಂದಿನ ಮಾಹಿತಿಯನ್ನು ಪರಿಷ್ಕರಿಸುವುದಕ್ಕೆ ‘ಅಪ್‌ಡೇಟ್’ ಎಂಬ ಹೆಸರುಗಳಿವೆ. ಇದು ಕಚೇರಿಯ ಶಿಷ್ಟಾಚಾರ ಎನಿಸಬಹುದು. ನನ್ನ ಮಟ್ಟಿಗೆ ಇದೇ ಇಡೀ ವ್ಯವಸ್ಥೆಯ ಜೀವಾಳ. ಎಲ್ಲ ಸುತ್ತೋಲೆಗಳ ನೆತ್ತಿಯ ಮೇಲೂ ‘ಅತಿ ಜರೂರು’ ಎಂದು ಕೆಂಪು ಶಾಯಿಯಲ್ಲಿ ಬರೆಯುವ ಊರಿನಲ್ಲಿ ಯಾವುದೂ ಜರೂರಾಗಿ ಉಳಿಯುವುದಿಲ್ಲ.

ನಮ್ಮಲ್ಲಿ ಮಾಹಿತಿ ಮೇಲಕ್ಕೆ ಹೋಗುವ ದಾರಿ 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯದು. ಆರೋಗ್ಯ ಕಾರ್ಯಕರ್ತೆಯ ಶಂಕೆಗೆ ಎಸ್ ನಮೂನೆ, ವೈದ್ಯರ ಅಂದಾಜಿಗೆ ಪಿ, ಪ್ರಯೋಗಾಲಯದ ದೃಢೀಕರಣಕ್ಕೆ ಎಲ್. ಈಗ ಇವು ಆನ್‌ಲೈನ್ ವೇದಿಕೆಗೆ ಬಂದಿವೆ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಬರೆಯುವಾಗ ಮೇಲಿನ ಅಮೆರಿಕದ ಮಾದರಿಯನ್ನು ಹಾಗೆಯೇ ಎತ್ತಿಡುವಂತಿಲ್ಲ. ಕಾಲರಾ ಇಲ್ಲಿಗೆ ವಿಮಾನವೇರಿ ಬರಬೇಕಿಲ್ಲ, ಕುಡಿಯುವ ನೀರಿನ ಕೊಳವೆಗೆ ಚರಂಡಿ ಸೇರಿದರೆ ಸಾಕು. ಹಾಗಾಗಿ ‘ಎಲ್ಲಿಗೆ ಹೋಗಿದ್ದಿರಿ’ ಎಂಬುದಕ್ಕಿಂತ ‘ನೀರು ಎಲ್ಲಿಂದ ತರುತ್ತೀರಿ, ಬೀದಿಯಲ್ಲಿ ಇನ್ನಾರಿಗೆ ಹೀಗಾಗಿದೆ’ ಎಂಬುದು ಸರಿಯಾದ ಪ್ರಶ್ನೆ. ಫ್ಲೂ ಕೂಡ ಭಾರತದಲ್ಲಿ ಚಳಿಗಾಲಕ್ಕೆ ಮಾತ್ರ ಕಟ್ಟುಬಿದ್ದಿಲ್ಲ. ಜನವರಿಯಿಂದ ಮಾರ್ಚ್ ಒಂದು ಏರು, ಮುಂಗಾರು ಮತ್ತು ಅದರ ಬೆನ್ನಿಗೆ ಇನ್ನೊಂದು. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಎ, ಬಿ, ಸಿ ವರ್ಗೀಕರಣದಲ್ಲಿ ಸೌಮ್ಯ ಲಕ್ಷಣಗಳ ಎ ವರ್ಗಕ್ಕೆ ಪರೀಕ್ಷೆಯೂ ಬೇಡ, ಒಸೆಲ್ಟಾಮಿವಿರೂ ಬೇಡ. ತೀವ್ರ ಲಕ್ಷಣಗಳ ಸಿ ವರ್ಗಕ್ಕೆ ಪರೀಕ್ಷೆ, ಆಸ್ಪತ್ರೆ ದಾಖಲಾತಿ, ಚಿಕಿತ್ಸೆ ಮೂರೂ ತಡಮಾಡದೆ ಆಗಬೇಕು.

ಅಭ್ಯಾಸಕ್ಕೆ: ನಿಮ್ಮ ತಾಲ್ಲೂಕಿನ ಒಂದು ಗ್ರಾಮದಲ್ಲಿ ಎರಡು ದಿನಗಳಿಂದ ವಾಂತಿಭೇದಿ ಹೆಚ್ಚಿದೆ, ಜೊತೆಗೆ ಆಗಸ್ಟ್ ತಿಂಗಳು, ಫ್ಲೂ ರೋಗಿಗಳೂ ಬರುತ್ತಿದ್ದಾರೆ ಎಂದುಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಎರಡು ಪ್ರತ್ಯೇಕ ಸೂಚನೆಗಳನ್ನು ಬರೆಯಿರಿ, ಪ್ರತಿಯೊಂದೂ ಮೊಬೈಲ್ ಪರದೆಯಲ್ಲಿ ಒಂದೇ ನೋಟಕ್ಕೆ ಸಿಗುವಷ್ಟು ಚಿಕ್ಕದಾಗಿರಲಿ. ಕಾಲರಾದ ಸೂಚನೆಯಲ್ಲಿ ಮಲದ ಮಾದರಿಯನ್ನು ಸಾಗಣೆಗೆಂದೇ ಇರುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ ಕಳಿಸಬೇಕೆಂಬುದನ್ನೂ, ಸಾಧ್ಯವಾದಷ್ಟು ಮಟ್ಟಿಗೆ ಆಂಟಿಬಯೋಟಿಕ್ ಕೊಡುವ ಮೊದಲೇ ಅದನ್ನು ತೆಗೆದುಕೊಳ್ಳಬೇಕೆಂಬುದನ್ನೂ ಬಿಡಬೇಡಿ.