ಟಿಯರ್‌ಡ್ರಾಪ್ ಟ್ರೇಲರ್‌ಗೆ ಯಾವ ಆಕ್ಸಲ್? ದೊಡ್ಡದು ಹಾಕಿದರೆ ಗಟ್ಟಿ ಅಲ್ವಾ?

ಪ್ರಶ್ನೆ: ಸರ್, ನಾವು ಮಿಷಿಗನ್‌ನಲ್ಲಿದ್ದೇವೆ. ಮನೆ ಗ್ಯಾರೇಜಿನಲ್ಲೇ 5 ಅಡಿ ಅಗಲ, 8 ಅಡಿ ಉದ್ದದ ಟಿಯರ್‌ಡ್ರಾಪ್ ಕ್ಯಾಂಪರ್, ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗಿ ಒಳಗೆ ಮಲಗುವ ಪುಟ್ಟ ಗಾಡಿ, ಕಟ್ಟಬೇಕು ಅಂತ ಹೊರಟಿದ್ದೇನೆ. ಮರದ ಕೆಲಸ ಬರುತ್ತದೆ, ಎರಡು ಚಕ್ರ ಕೂರುವ ಆ ಅಡ್ಡ ಅಚ್ಚು, ಆಕ್ಸಲ್, ಅದರ ವಿಷಯ ಏನೂ ಗೊತ್ತಿಲ್ಲ. 2,000 ಪೌಂಡು ತೂಕ ಹೊರುವುದಕ್ಕೂ 3,500 ಪೌಂಡು ಹೊರುವುದಕ್ಕೂ ಬೆಲೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ದೊಡ್ಡದನ್ನೇ ಹಾಕಿಬಿಟ್ಟರೆ ಸೇಫ್ ಅಲ್ವಾ? ಲೀಫ್ ಸ್ಪ್ರಿಂಗ್ ಒಳ್ಳೆಯದಾ, ಟಾರ್ಶನ್ ಒಳ್ಳೆಯದಾ?

ಉತ್ತರ: ಬೇಡ. ದೊಡ್ಡದು ಹಾಕಬೇಡಿ. ನಿಮ್ಮ ಅಳತೆಯ ಟ್ರೇಲರ್‌ಗೆ 2,000 ಪೌಂಡಿನ ಆಕ್ಸಲ್ ಸಾಕು, ಹೆಚ್ಚಿನವರಿಗೆ ಅದೇ ಸರಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಈ ಒಂದು ತಪ್ಪು ನಾನೇ ಮಾಡಿ ಅನುಭವಿಸಿದ್ದು.

ನನ್ನ ಮೊದಲ ಟ್ರೇಲರ್‌ಗೆ 3,500 ಪೌಂಡಿನ ಆಕ್ಸಲ್ಲೇ ಹಾಕಿದ್ದೆ. ಗಟ್ಟಿ ಇರಲಿ ಅಂತ. ಮೊದಲ ಪ್ರವಾಸಕ್ಕೆ ಡೆಟ್ರಾಯ್ಟ್ ಕಡೆಯಿಂದ ಐ-75 ಹೈವೇ ಹಿಡಿದು, ಮ್ಯಾಕಿನಾ ಸೇತುವೆ ದಾಟಿ, ಉತ್ತರದ ಮ್ಯುನಿಸಿಂಗ್ ಊರಿನ ತನಕ ಹೋದೆವು. ಚಳಿಗಾಲ ಕಳೆದ ಮೇಲೆ ಇಲ್ಲಿನ ರಸ್ತೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕ್ಯಾಂಪ್‌ನಲ್ಲಿ ನಿಲ್ಲಿಸಿ, ಹಿಂದಿನ ಅಡುಗೆ ಕಟ್ಟೆಯ ಮುಚ್ಚಳ ಎತ್ತಿದರೆ ಹುಳಿಪುಡಿ ಡಬ್ಬಿಯ ಮುಚ್ಚಳ ಕಳಚಿಕೊಂಡು, ಪುಡಿಯೆಲ್ಲ ಸ್ಟವ್ ಮೇಲೆ, ಸ್ಟವ್ ಕೆಳಗೆ, ಚಮಚದ ಡ್ರಾಯರ್ ಒಳಗೆ. ಮೊಟ್ಟೆ ಒಂದೂ ಉಳಿದಿರಲಿಲ್ಲ. ಬೀರುವಿನ ಬಾಗಿಲ ಹಿಂಜ್‌ನಿಂದ ಎರಡು ಸ್ಕ್ರೂ ಕಳಚಿ ಕೆಳಗೆ ಬಿದ್ದಿದ್ದವು. ಹೆಂಡತಿ ಆ ಸ್ಕ್ರೂ ಎತ್ತಿ ನನ್ನ ಕೈಗೆ ಕೊಟ್ಟು, "ಇದು ಎಲ್ಲಿಯದು ನೋಡಿ" ಅಂದಳು. ದಾರಿಯುದ್ದಕ್ಕೂ ಟ್ರೇಲರ್ ಕುಣಿಯುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತ್ತು, ರಸ್ತೆಯೇ ಕಾರಣ ಅಂದುಕೊಂಡಿದ್ದೆ.

ರಸ್ತೆ ಅಲ್ಲ, ಸ್ಪ್ರಿಂಗು. ಆಕ್ಸಲ್ ಮೇಲೆ ಬರೆದಿರುವ ಪೌಂಡು ಬರೀ ಕಬ್ಬಿಣದ ಗಟ್ಟಿತನದ ಲೆಕ್ಕ ಅಲ್ಲ. ಅದರ ಜೊತೆ ಬರುವ ಸ್ಪ್ರಿಂಗು ಅಷ್ಟು ತೂಕ ಕೂತಾಗ ಸರಿಯಾಗಿ ಬಾಗುವ ಹಾಗೆ ಮಾಡಿದ್ದು. 3,500 ಪೌಂಡಿಗೆ ಮಾಡಿದ ಸ್ಪ್ರಿಂಗ್ ಮೇಲೆ 1,200 ಪೌಂಡು ಕೂರಿಸಿದರೆ ಅದು ಬಾಗುವುದೇ ಇಲ್ಲ ಅನ್ನಬಹುದು. ಚಕ್ರ ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಬಾಗಬೇಕು, ಅದು ಬಾಗದಿದ್ದರೆ ಇಡೀ ಪೆಟ್ಟಿಗೆಯೇ ಎಗರುತ್ತದೆ. ಖಾಲಿ ಲಾರಿ ಹಂಪ್ ದಾಟುವಾಗ ಹಿಂಭಾಗ ದಡಬಡ ಅಂತ ಎಗರುವುದನ್ನು ಊರಲ್ಲಿ ನೋಡಿದ್ದೀರಲ್ಲ, ಲೋಡ್ ಹಾಕಿದ ಮೇಲೆ ಅದೇ ಲಾರಿ ಸುಮ್ನೆ ತೇಲಿಕೊಂಡು ಹೋಗುತ್ತದೆ. ಅದೇ ಲೆಕ್ಕ. ಟಿಯರ್‌ಡ್ರಾಪ್‌ನಲ್ಲಿ ಇರುವುದು ಪ್ಲೈವುಡ್ಡು, ಅಂಟು, ಸ್ಕ್ರೂ. ಮೈಲಿಗಟ್ಟಲೆ ಆ ಏಟು ತಿಂದರೆ ಜಾಯಿಂಟ್ ಸಡಿಲವಾಗುತ್ತದೆ, ಸಡಿಲವಾದಲ್ಲಿ ನೀರು ಇಳಿಯುತ್ತದೆ, ನೀರು ಇಳಿದರೆ ಮರ ಕೊಳೆಯುತ್ತದೆ.

ಹಾಗಾಗಿ ಮೊದಲು ತೂಕ. ಬೇರೆ ಎಲ್ಲ ಆಮೇಲೆ.

"ಕಟ್ಟದೇ ಇರುವುದನ್ನು ತೂಗುವುದು ಹೇಗೆ?" ಅಂತ ಕೇಳುತ್ತೀರಿ. ಕಾಗದದ ಮೇಲೆ ತೂಗಬೇಕು. 2 ಇಂಚು ಚೌಕ, 1/8 ಇಂಚು ದಪ್ಪದ ಸ್ಟೀಲ್ ಟ್ಯೂಬ್ ಅಡಿಗೆ ಸುಮಾರು 3 ಪೌಂಡು. 3/4 ಇಂಚಿನ ಪ್ಲೈವುಡ್ಡಿನ ಒಂದು ಪೂರ್ತಿ ಹಾಳೆ 60ರಿಂದ 70 ಪೌಂಡು, 1/4 ಇಂಚಿನದು 20ರ ಮೇಲೆ ಸ್ವಲ್ಪ. ಉಳಿದದ್ದನ್ನು ಕೊಂಡು ತಂದ ಹಾಗೆ ಬಾತ್‌ರೂಮ್ ತಕ್ಕಡಿ ಮೇಲೆ ಇಡಿ, ಪುಸ್ತಕದಲ್ಲಿ ಬರೆಯಿರಿ. ನಿಮ್ಮ 5×8ಕ್ಕೆ ನನ್ನ ಅಂದಾಜು ಹೀಗಿದೆ: ಫ್ರೇಮ್ 200, ಆಕ್ಸಲ್ ಚಕ್ರ ಎಲ್ಲ ಸೇರಿ 220, ಗೋಡೆ ನೆಲ ಸೂರು 450, ಬಾಗಿಲು ಕಿಟಕಿ ಹಾಸಿಗೆ 150, ಅಡುಗೆ ಕಟ್ಟೆ ಮತ್ತು ಬ್ಯಾಟರಿ 150, ನೀರು ಕೂಲರ್ ಬಟ್ಟೆಬರೆ 200. ಒಟ್ಟು 1,370 ಪೌಂಡು, ಅಂದರೆ 620 ಕೆಜಿ ಆಸುಪಾಸು. ಕೊನೆಯ ಆ 200 ಅನ್ನು ಎಲ್ಲರೂ ಮರೆಯುತ್ತಾರೆ. ನೀರೇ ಗ್ಯಾಲನ್‌ಗೆ 8.3 ಪೌಂಡು ತೂಗುತ್ತದೆ, 7 ಗ್ಯಾಲನ್ ಕ್ಯಾನ್ ತುಂಬಿದರೆ 58 ಆಯಿತಲ್ಲ.

2,000ಕ್ಕೆ 1,370 ಅಂದರೆ ಮೂರರಲ್ಲಿ ಎರಡು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಸ್ಪ್ರಿಂಗ್ ಕೆಲಸ ಮಾಡುತ್ತದೆ, ಮೇಲೆ ಇನ್ನೊಂದಿಷ್ಟು ಹೇರಲು ಜಾಗವೂ ಇದೆ. 3,500ಕ್ಕೆ ಅದು ನೂರಕ್ಕೆ ನಲವತ್ತೂ ಇಲ್ಲ.

ಈಗಾಗಲೇ 3,500ರ ಆಕ್ಸಲ್ ಕೊಂಡವರು ಇದನ್ನು ಓದುತ್ತಿದ್ದರೆ ಗಾಬರಿ ಬೇಡ. ಲೀಫ್ ಸ್ಪ್ರಿಂಗ್ ಇದ್ದರೆ ಕಬ್ಬಿಣ ಹಾಗೇ ಇರಲಿ, ಸ್ಪ್ರಿಂಗ್ ಮಾತ್ರ ಬದಲಿಸಿ. ನಾನು ಮಾಡಿದ್ದೂ ಅದೇ. ಎರಡೂ ತುದಿಯಲ್ಲಿ ಬೋಲ್ಟ್ ತೂರಿಸುವ ಕಣ್ಣಿರುವ 25 1/4 ಇಂಚಿನ ಸ್ಪ್ರಿಂಗ್‌ಗಳು ಒಂದೇ ಉದ್ದದಲ್ಲಿ ಬೇರೆ ಬೇರೆ ತೂಕಕ್ಕೆ ಸಿಗುತ್ತವೆ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಬರೆದಿರುವ ಪೌಂಡು ಒಂದು ಸ್ಪ್ರಿಂಗಿನದೋ ಜೋಡಿಯದೋ ಕೇಳಿಕೊಳ್ಳಿ. ತಲಾ 1,000 ಪೌಂಡಿನ ಎರಡು ಹಾಕಿದರೆ ಜೋಡಿ 2,000. ನನ್ನದರಲ್ಲಿ ಮೊದಲಿದ್ದದ್ದು ತಲಾ 1,750. ಬದಲಿಸಿದ ಮೇಲೆ ಅದೇ ಮ್ಯುನಿಸಿಂಗ್ ರಸ್ತೆಯಲ್ಲಿ ಹುಳಿಪುಡಿ ಡಬ್ಬಿ ಇಟ್ಟಲ್ಲೇ ಇತ್ತು.

ಇನ್ನು ಲೀಫಾ, ಟಾರ್ಶನ್ನಾ. ಲೀಫ್ ಸ್ಪ್ರಿಂಗ್ ನಿಮಗೆ ಗೊತ್ತಿರುವುದೇ, ಲಾರಿ ಕೆಳಗೆ ಪಟ್ಟಿ ಮೇಲೆ ಪಟ್ಟಿ ಪೇರಿಸಿದ್ದು. ಟಾರ್ಶನ್ ಆಕ್ಸಲ್‌ನಲ್ಲಿ ಹೊರಗೆ ಚೌಕದ ಟ್ಯೂಬು, ಒಳಗೆ ಓರೆಯಾಗಿ ತಿರುಗಿಸಿಟ್ಟ ಇನ್ನೊಂದು ಚೌಕದ ಸರಳು, ನಡುವಿನ ನಾಲ್ಕು ಮೂಲೆಯಲ್ಲಿ ರಬ್ಬರ್ ದಿಂಡು ತುರುಕಿರುತ್ತಾರೆ. ಚಕ್ರ ಒಂದು ಸಣ್ಣ ತೋಳಿನ ತುದಿಯಲ್ಲಿ ಕೂರುತ್ತದೆ. ತೋಳು ಮೇಲೆದ್ದರೆ ಒಳಗಿನ ಸರಳು ತಿರುಗಿ ರಬ್ಬರನ್ನು ಹಿಂಡುತ್ತದೆ, ಅದೇ ಸ್ಪ್ರಿಂಗು. ರಬ್ಬರ್ ಆದ್ದರಿಂದ ಕುಣಿತ ತಾನಾಗಿಯೇ ಬೇಗ ನಿಲ್ಲುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಅಷ್ಟು ಗೊತ್ತಾಗುವುದಿಲ್ಲ. ಸದ್ದಿಲ್ಲ, ಲೀಫ್ ಸ್ಪ್ರಿಂಗಿನ ತುದಿಯನ್ನು ಫ್ರೇಮಿಗೆ ಜೋಡಿಸುವ, ಗ್ರೀಸ್ ಹಚ್ಚಬೇಕಾದ ಶ್ಯಾಕಲ್ ಇಲ್ಲ. ಮಲಗುವ ಗಾಡಿಗೆ ಇದು ನಿಜಕ್ಕೂ ಚೆನ್ನ.

ಆದರೆ ಟಾರ್ಶನ್ನಿನಲ್ಲಿ ತಪ್ಪು ತಿದ್ದಲು ಆಗುವುದಿಲ್ಲ. ತೂಕದ ಅಂದಾಜು ತಪ್ಪಿದರೆ ಸ್ಪ್ರಿಂಗ್ ಬದಲಿಸಿದ ಹಾಗೆ ರಬ್ಬರ್ ಬದಲಿಸಲಾಗದು, ಇಡೀ ಆಕ್ಸಲ್ ತೆಗೆಯಬೇಕು. ಆರ್ಡರ್ ಮಾಡುವಾಗಲೇ ನಿಮ್ಮ ತೂಕ ಹೇಳಿದರೆ ತಯಾರಕರು ದೊಡ್ಡ ಆಕ್ಸಲ್ಲನ್ನೂ ಕಡಿಮೆ ತೂಕಕ್ಕೆ ಮೆತ್ತಗೆ ಮಾಡಿ ಕೊಡುತ್ತಾರೆ, ಅದನ್ನು ಮರೆಯದೆ ಕೇಳಿ. ತೋಳಿನ ಕೋನವನ್ನೂ ಆಗಲೇ ಹೇಳಬೇಕು. 6 ಇಂಚಿನ ತೋಳು ಸಮತಟ್ಟಾಗಿರುವ ಬದಲು 22.5 ಡಿಗ್ರಿ ಕೆಳಮುಖ ಇದ್ದರೆ ಟ್ರೇಲರ್‌ಗೆ 2.3 ಇಂಚು ಎತ್ತರ ಸಿಗುತ್ತದೆ. ಕೂರಿಸುವಾಗ ಆ ಟ್ಯೂಬಿಗೆ ವೆಲ್ಡಿಂಗ್ ಮಾತ್ರ ಮುಟ್ಟಿಸಬೇಡಿ, ಶಾಖಕ್ಕೆ ಒಳಗಿನ ರಬ್ಬರ್ ಹಾಳಾಗುತ್ತದೆ. ಅದರ ಬ್ರಾಕೆಟ್ಟನ್ನು ಫ್ರೇಮಿಗೆ ಬೋಲ್ಟ್ ಮಾಡಿ.

ಮೊದಲ ಸಲ ಕಟ್ಟುತ್ತಿರುವ ನಿಮಗೆ ನನ್ನ ಮಾತು ಲೀಫ್ ಸ್ಪ್ರಿಂಗ್. ಮೊದಲ ಟ್ರೇಲರ್‌ನಲ್ಲಿ ತೂಕದ ಲೆಕ್ಕ ತಪ್ಪಿಯೇ ತಪ್ಪುತ್ತದೆ. ಲೀಫ್ ಆದರೆ ಒಂದು ಮಧ್ಯಾಹ್ನದಲ್ಲಿ ಸರಿ ಮಾಡಬಹುದು, ಯು-ಬೋಲ್ಟು ಶ್ಯಾಕಲ್ಲು ಸಣ್ಣ ಊರಿನ ರೈತರ ಅಂಗಡಿಯಲ್ಲೂ ಸಿಗುತ್ತವೆ. ಎತ್ತರ ಬೇಕಾದರೆ ಆಕ್ಸಲ್ಲನ್ನು ಸ್ಪ್ರಿಂಗಿನ ಮೇಲೆ ಕೂರಿಸುವ ಬದಲು ಕೆಳಗೆ ಕಟ್ಟಬಹುದು, ಸುಮಾರು 4 ಇಂಚು ಮೇಲೇಳುತ್ತದೆ. ಹಾಗೆ ಮಾಡುವಾಗ ಆಕ್ಸಲ್ಲನ್ನೇ ತಲೆಕೆಳಗು ಮಾಡಬೇಡಿ. ಅದರ ನಡುಭಾಗ ಸ್ವಲ್ಪ ಮೇಲಕ್ಕೆ ಉಬ್ಬಿರುತ್ತದೆ, ಆ ಉಬ್ಬು ಮೇಲೇ ಇರಬೇಕು. ಸ್ಪ್ರಿಂಗ್ ಕೂರುವ ತಟ್ಟೆಗಳನ್ನು ಇನ್ನೊಂದು ಬದಿಗೆ ಹೊಸದಾಗಿ ವೆಲ್ಡ್ ಮಾಡಿಸಬೇಕು.

ಅಗಲಕ್ಕೆ ಎರಡು ಅಳತೆ ಕೇಳುತ್ತಾರೆ. ಒಂದು, ಚಕ್ರ ಬೋಲ್ಟ್ ಆಗುವ ಹಬ್ಬಿನ ಮುಖದಿಂದ ಆ ಕಡೆಯ ಹಬ್ಬಿನ ಮುಖಕ್ಕೆ. ಇನ್ನೊಂದು, ಸ್ಪ್ರಿಂಗಿನ ನಡುವಿನಿಂದ ಸ್ಪ್ರಿಂಗಿನ ನಡುವಿಗೆ. ನಿಮ್ಮ ಪೆಟ್ಟಿಗೆ 60 ಇಂಚು ಅಗಲ, ಟೈರು 7 ಇಂಚು, ಎರಡೂ ಕಡೆ 2 ಇಂಚು ಸಂದು ಅಂತ ಇಟ್ಟುಕೊಂಡರೆ 60ಕ್ಕೆ 4 ಸೇರಿ 64, ಎರಡು ಅರ್ಧ ಟೈರು ಸೇರಿ 71 ಇಂಚು. ಫ್ರೇಮಿನ ಹೊರ ಅಳತೆ 60, ಟ್ಯೂಬ್ 2 ಇಂಚು ಇದ್ದರೆ ಸ್ಪ್ರಿಂಗ್ ಅಳತೆ 58. ಆಫ್‌ಸೆಟ್ ಇಲ್ಲದ ರಿಮ್‌ಗೆ, ಅಂದರೆ ಹಬ್ಬಿಗೆ ತಾಗುವ ಮುಖ ರಿಮ್ಮಿನ ಸರಿನಡುವೆ ಇದ್ದರೆ, ಈ ಲೆಕ್ಕ.

ಆಕ್ಸಲ್ ಆರಿಸಿದ್ದು ಅರ್ಧ ಕೆಲಸ. ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದರ ಮೇಲೆ ನಿಮ್ಮ ಜೀವ ನಿಂತಿದೆ, ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಎತ್ತಿನ ಗಾಡಿಗೆ ಹಿಂದುಗಡೆ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಟ್ರೇಲರ್‌ಗೂ ಮೂಕಿ ಇದೆ, ಕಾರಿನ ಕೊಂಡಿಗೆ ಸಿಕ್ಕಿಸುವ ಆ ಮುಂದಿನ ಕಂಬ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಆ ಮೂಕಿಯ ಮೇಲೆ ಕೂರಬೇಕು. ಕಡಿಮೆಯಾದರೆ ಹೈವೇ ವೇಗದಲ್ಲಿ ಟ್ರೇಲರ್ ಬಾಲದ ಹಾಗೆ ಎಡಕ್ಕೂ ಬಲಕ್ಕೂ ಹೊಯ್ದಾಡಲು ಶುರುಮಾಡುತ್ತದೆ, ಆಮೇಲೆ ಹಿಡಿತಕ್ಕೆ ಸಿಗುವುದು ಕಷ್ಟ.

ಲೆಕ್ಕ ಸುಲಭ. ಪ್ರತಿ ವಸ್ತುವಿನ ತೂಕವನ್ನು ಕೊಂಡಿಯಿಂದ ಅದು ಇರುವ ದೂರದಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ತೂಕದಿಂದ ಭಾಗಿಸಿ. ಬಂದದ್ದು ಭಾರದ ನಡು. ಅದು ಕೊಂಡಿಯಿಂದ 97 ಇಂಚು ಅಂತ ಬಂತು ಅಂದುಕೊಳ್ಳಿ. ಮೂಕಿ ಮೇಲೆ 12 ಭಾಗ ಬೇಕು, ಚಕ್ರದ ಮೇಲೆ 88 ಭಾಗ. 97 ಅನ್ನು 0.88ರಿಂದ ಭಾಗಿಸಿದರೆ 110. ಆಕ್ಸಲ್ ಅಲ್ಲಿ, ಕೊಂಡಿಯಿಂದ 110 ಇಂಚಿಗೆ. 48 ಇಂಚಿನ ಮೂಕಿ ಬಿಟ್ಟರೆ ಪೆಟ್ಟಿಗೆಯ ಮುಂದಿನ ಗೋಡೆಯಿಂದ 62 ಇಂಚು ಹಿಂದೆ. ನಡುವಿಗಿಂತ ಎಷ್ಟೋ ಹಿಂದೆ ಅನ್ನಿಸುತ್ತದೆ, ಆದರೆ ಸರಿಯಾಗಿಯೇ ಇದೆ, ಯಾಕೆಂದರೆ ಟಿಯರ್‌ಡ್ರಾಪ್‌ನಲ್ಲಿ ಅಡುಗೆ ಕಟ್ಟೆ ಹಿಂದುಗಡೆ. ಕೂಲರು, ನೀರು, ಪಾತ್ರೆ ಎಲ್ಲ ಅಲ್ಲೇ ಬೀಳುತ್ತದೆ. ಆಕ್ಸಲ್‌ನಿಂದ 30 ಇಂಚು ಹಿಂದೆ ಹೊಸದಾಗಿ 100 ಪೌಂಡು ಇಟ್ಟರೆ ಮೂಕಿಯಿಂದ 27 ಪೌಂಡು ಹಗುರಾಗುತ್ತದೆ. 1,370ರಲ್ಲಿ 12 ಭಾಗ ಅಂತ ಸುಮಾರು 165 ಇದ್ದದ್ದು 138ಕ್ಕೆ ಇಳಿಯಿತು, ಒಟ್ಟು ತೂಕ 1,470 ಆಯಿತು, ನೂರಕ್ಕೆ 10ಕ್ಕಿಂತ ಕೆಳಗೆ ಬಂದೇ ಬಿಟ್ಟಿರಿ! ಬ್ಯಾಟರಿಯನ್ನೂ ಟೂಲ್ ಬಾಕ್ಸನ್ನೂ ಮೂಕಿ ಮೇಲೆ ಇಡಿ ಅಂತ ಹೇಳುವುದು ಇದಕ್ಕೇ.

ಕಾಗದದ ಲೆಕ್ಕ ನಂಬಿ ಸ್ಪ್ರಿಂಗ್ ಹ್ಯಾಂಗರ್‌ಗಳನ್ನು, ಅಂದರೆ ಸ್ಪ್ರಿಂಗ್ ನೇತುಹಾಕುವ ಬ್ರಾಕೆಟ್ಟುಗಳನ್ನು, ಫ್ರೇಮಿಗೆ ವೆಲ್ಡ್ ಮಾಡಿಬಿಡಬೇಡಿ. ಉದ್ದಕ್ಕೆ ಒಂದು ಆಂಗಲ್ ಪಟ್ಟಿ ಕೊಟ್ಟು, ಕೆಲವು ಇಂಚು ಹಿಂದೆ ಮುಂದೆ ಸರಿಸಲು ಬರುವ ಹಾಗೆ ತೂತು ಕೊರೆದು ಬೋಲ್ಟ್ ಮಾಡಿ. ಪೂರ್ತಿ ಕಟ್ಟಿ, ಪ್ರವಾಸಕ್ಕೆ ಹೊರಡುವ ಹಾಗೇ ತುಂಬಿಸಿ, ಆಮೇಲೆ ಮೂಕಿಯ ಭಾರ ಅಳೆಯಿರಿ. ಅದಕ್ಕೂ ಬಾತ್‌ರೂಮ್ ತಕ್ಕಡಿ ಸಾಕು. ಒಂದು ಗಟ್ಟಿ ಮರದ ತೊಲೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲೆ, ನಡುವೆ 3 ಅಡಿ ಅಂತರ. ಇಟ್ಟಿಗೆಯಿಂದ 1 ಅಡಿ ದೂರದಲ್ಲಿ ಮೂಕಿಯನ್ನು ಕೂರಿಸಿ. ತಕ್ಕಡಿ ತೋರಿಸಿದ್ದರ ಮೂರು ಪಟ್ಟು ನಿಮ್ಮ ಮೂಕಿಯ ಭಾರ. 55 ತೋರಿಸಿದರೆ 165. ತೊಲೆ ಒಂದೇ ಇದ್ದಾಗ ತಕ್ಕಡಿ ತೋರಿಸುವುದನ್ನು ಮೊದಲೇ ಕಳೆದುಬಿಡಿ, ಚಕ್ರಕ್ಕೆ ಅಡ್ಡ ಕಲ್ಲು ಕೊಡಿ, ಟ್ರೇಲರ್ ಸಮತಟ್ಟಾಗಿರಲಿ. ಒಟ್ಟು ತೂಕ ಬೇಕಾದರೆ ಹೈವೇ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲ್ ಇರುತ್ತದೆ, ಚೀಟಿ ಸಮೇತ ಕೊಡುತ್ತಾರೆ.

ಬ್ರೇಕು ಈಗ ಬೇಡ ಅನ್ನಿಸಿದರೂ, ಆಕ್ಸಲ್ ಆರ್ಡರ್ ಮಾಡುವಾಗ ಬ್ರೇಕ್ ಫ್ಲ್ಯಾಂಜ್, ಅಂದರೆ ಬ್ರೇಕ್ ಬೋಲ್ಟ್ ಮಾಡುವ ತಟ್ಟೆ, ಇರುವುದನ್ನೇ ಕೇಳಿ. ಆಮೇಲೆ ಅದನ್ನು ವೆಲ್ಡ್ ಮಾಡಿಸುವುದು ದೊಡ್ಡ ರಗಳೆ. ಕಾನೂನು ರಾಜ್ಯಕ್ಕೊಂದು ಥರ. ಎಷ್ಟೋ ಕಡೆ 3,000 ಪೌಂಡಿನಿಂದ ಶುರು, ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್ ಟ್ರೇಲರ್‌ಗೆ 1,500ಕ್ಕೇ ಬ್ರೇಕ್ ಕಡ್ಡಾಯ. ನಾಳೆ ಕೆಲಸ ಬದಲಾಗಿ ಆ ಕಡೆ ಹೋಗುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ!

ಟೈರಿಗೆ 12 ಇಂಚಿನ ಸಣ್ಣ ಚಕ್ರ ಬೇಡ ಅಂತ ನನ್ನ ಅಭಿಪ್ರಾಯ. 4.80-12 ಟೈರು ಮೈಲಿಗೆ 980 ಸುತ್ತು ಸುತ್ತಿದರೆ 15 ಇಂಚಿನ ಎಸ್‌ಟಿ205/75ಆರ್15 (ಎಸ್‌ಟಿ ಅಂದರೆ ಟ್ರೇಲರ್‌ಗೇ ಮಾಡಿದ ಟೈರು) ಸುಮಾರು 750 ಸುತ್ತುತ್ತದೆ. ಬೇರಿಂಗಿಗೂ ಕಡಿಮೆ ಕೆಲಸ, ಗುಂಡಿಯನ್ನೂ ಸುಲಭವಾಗಿ ದಾಟುತ್ತದೆ. ಚಿಕ್ಕದೇ ಬೇಕಾದರೆ 13 ಇಂಚಿನ ಎಸ್‌ಟಿ175/80, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ ತೆಗೆದುಕೊಳ್ಳಿ. ಒಂದೊಂದೂ 1,360 ಪೌಂಡು ಹೊರುತ್ತದೆ, ಗಾಳಿ 50 ಪಿಎಸ್ಐ.

ಬೇರಿಂಗನ್ನು ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ ಬಿಚ್ಚಿ ಹೊಸ ಗ್ರೀಸ್ ತುಂಬಿ. ಮೊದಲ ಸಲ ರಸ್ತೆಗಿಳಿದಾಗ 10, 25, 50 ಮೈಲಿಗೆ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್) ಹಾಕಿ ಮತ್ತೆ ಬಿಗಿ ಮಾಡಿ. ಹೊಸ ರಿಮ್ ಕೂತುಕೊಳ್ಳುವಾಗ ಅವು ಸಡಿಲವಾಗುತ್ತವೆ. ಮನೆಯಿಂದ ಹೊರಟು ಐ-75 ಸೇರುವ ಹೊತ್ತಿಗೆ ಮೊದಲ ನಿಲುಗಡೆ ಬಂದಿರುತ್ತದೆ. ರೆಂಚನ್ನು ಟ್ರೇಲರ್ ಒಳಗೆ ಹಾಸಿಗೆ ಕೆಳಗೆ ಇಡಬೇಡಿ, ಕಾರಿನಲ್ಲಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.